ಯು ಸಿಗದ ಕ್ಯೂ

ಸ್ಕ್ರ್ಯಾಬಲ್ ಚೀಲದಲ್ಲಿ ನೂರು ಬಿಲ್ಲೆಗಳಿರುತ್ತವೆ. ಅವುಗಳಲ್ಲಿ ಕ್ಯೂ ಒಂದೇ ಒಂದು, ಅದರ ಬೆಲೆ ಹತ್ತು ಅಂಕ. ಯು ನಾಲ್ಕಿವೆ, ಒಂದೊಂದಕ್ಕೂ ಒಂದೇ ಅಂಕ. ಆದರೂ ಕ್ಯೂ ಹಿಡಿದು ಕುಳಿತ ಆಟಗಾರನಿಗೆ ಬೇಕಾಗಿರುವುದು ಆ ಒಂದಂಕದ ಯು. ಶಾಲೆಯಲ್ಲಿ ಕಲಿತ ಕ್ವೀನ್, ಕ್ವಿಕ್, ಕ್ವಾರ್ಟರ್, ಕ್ವೆಶ್ಚನ್ ಎಲ್ಲವೂ ಕ್ಯೂ ಬೆನ್ನಿಗೇ ಯು ಅನ್ನು ಕರೆದುಕೊಂಡು ಬರುವ ಪದಗಳು. ನಾಲ್ಕೂ ಯು ಆಗಲೇ ಬೋರ್ಡಿನ ಮೂಲೆಮೂಲೆಗಳಲ್ಲಿ ಕೂತುಬಿಟ್ಟಿದ್ದರೆ, ಐಶ್ವರ್ಯವೆಂದು ಬಂದ ಬಿಲ್ಲೆ ಹೊರೆಯಾಗುತ್ತದೆ. ಆಟ ಮುಗಿಯುವವರೆಗೂ ಅದು ಕೈಬಿಡದಿದ್ದರೆ ಹತ್ತಂಕ ಕಳೆದು ಎದುರಾಳಿಯ ಲೆಕ್ಕಕ್ಕೆ ಸೇರಿಸಬೇಕು.

ಆಗ ಹುಡುಕಾಟ ಶುರುವಾಗುತ್ತದೆ. ಕ್ಯೂ ಇರುವ, ಯು ಇಲ್ಲದ ಇಂಗ್ಲಿಷ್ ಪದ ಯಾವುದು? ಈ ಪ್ರಶ್ನೆಗೆ ನಿಘಂಟು ನೆರವಾಗುವುದಿಲ್ಲ. ಮೊದಲ ಅಕ್ಷರ ಗೊತ್ತಿದ್ದವರಿಗಷ್ಟೇ ಅದು ದಾರಿ ತೋರಿಸುತ್ತದೆ. ಪದ ಗೊತ್ತಿದೆ, ಅರ್ಥ ಬೇಕು ಎನ್ನುವವರಿಗಾಗಿ ಕಟ್ಟಿದ ಪುಸ್ತಕ ಅದು. ಆಟಗಾರನ ಕಷ್ಟ ತಿರುಗುಮುರುಗಾದದ್ದು: ಅವನ ಕೈಯಲ್ಲಿ ಅಕ್ಷರಗಳಿವೆ, ಪದವಿಲ್ಲ. ಅಕ್ಷರ ನಡುವೆ ಬೀಳಬೇಕೋ ಕೊನೆಗೋ ಎಂಬುದು ಬೋರ್ಡಿನ ಮೇಲೆ ಖಾಲಿ ಉಳಿದ ಮನೆಗಳಿಗೆ ಬಿಟ್ಟದ್ದು.

ಈ ಕಷ್ಟವನ್ನು ಲೆಕ್ಕ ಹಾಕಿ ಕಟ್ಟಿಕೊಟ್ಟವರು ಆಲ್ಫ್ರೆಡ್ ಮೋಷರ್ ಬಟ್ಸ್. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ 1899ರಲ್ಲಿ ಹುಟ್ಟಿದ ಅವರು ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಕೈಯಲ್ಲಿ ಕಾಸಿಲ್ಲದ, ಬೇಕಾದಷ್ಟು ಸಮಯವಿದ್ದ ಆ ದಿನಗಳಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿದರು. ಆ ಎಣಿಕೆಯಿಂದಲೇ ಚೀಲದಲ್ಲಿ ಇ ಹನ್ನೆರಡು, ಎ ಮತ್ತು ಐ ಒಂಬತ್ತೊಂಬತ್ತು, ಜೆ, ಕೆ, ಕ್ಯೂ, ಎಕ್ಸ್, ಝೆಡ್ ಒಂದೊಂದು ಎಂದಾಯಿತು. ಎಸ್ ವಿಷಯದಲ್ಲಿ ಮಾತ್ರ ಬಟ್ಸ್ ಎಣಿಕೆಯ ಮಾತು ಕೇಳಲಿಲ್ಲ. ಇಂಗ್ಲಿಷಿನಲ್ಲಿ ಎಸ್ ಹೇರಳ. ಆದರೆ ಯಾವ ನಾಮಪದದ ಬಾಲಕ್ಕೆ ಅಂಟಿಸಿದರೂ ಬಹುವಚನವಾಗಿಬಿಡುವುದರಿಂದ ಆಟ ತೀರಾ ಸಲೀಸಾಗುತ್ತದೆಂದು ಅದನ್ನು ನಾಲ್ಕಕ್ಕೆ ಇಳಿಸಿದರು. ಇಂದಿಗೂ ಪಳಗಿದ ಆಟಗಾರರು ಎಸ್ ಸಿಕ್ಕರೆ ತಟ್ಟನೆ ಖರ್ಚು ಮಾಡುವುದಿಲ್ಲ, ಒಳ್ಳೆಯ ಸಮಯಕ್ಕೆಂದು ಎತ್ತಿಟ್ಟುಕೊಳ್ಳುತ್ತಾರೆ.

ಅಕ್ಷರ ಎಣಿಸುವುದು ಬಟ್ಸ್ ಅವರಿಂದ ಮೊದಲಾದದ್ದಲ್ಲ. ತಂತಿ ಸಂದೇಶಕ್ಕೆ ಚುಕ್ಕೆ ಗೆರೆಗಳ ಸಂಕೇತ ರೂಪಿಸುವಾಗ ಮುದ್ರಣಾಲಯದ ಅಚ್ಚುಮೊಳೆಗಳನ್ನು ಎಣಿಸಿಯೇ ಇ ಅಕ್ಷರಕ್ಕೆ ಒಂದೇ ಚುಕ್ಕೆ ಸಾಕೆಂದು ತೀರ್ಮಾನಿಸಿದ್ದರು. ಬಟ್ಸ್ ಮಾಡಿದ ಹೊಸತೆಂದರೆ ಅಪರೂಪಕ್ಕೆ ಬೆಲೆ ಕಟ್ಟಿದ್ದು. ಅವರ ಆಟವನ್ನು ಕೊಳ್ಳುವವರು ಬಹುಕಾಲ ಸಿಗಲಿಲ್ಲ. ಜೇಮ್ಸ್ ಬ್ರೂನೊ ಎಂಬುವರು 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟು ತಯಾರಿಸತೊಡಗಿದರು. 1949ರಲ್ಲಿ 2,400 ಪೆಟ್ಟಿಗೆ ಮಾಡಿ 450 ಡಾಲರ್ ನಷ್ಟ ಅನುಭವಿಸಿದರು. ಬಟ್ಸ್ ವಾಸವಿದ್ದ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ಈಗ ಬೀದಿಯ ಹೆಸರುಫಲಕದ ಅಕ್ಷರಗಳ ಕೆಳಗೆ ಸ್ಕ್ರ್ಯಾಬಲ್ ಅಂಕಗಳಿವೆ.

ಕನ್ನಡದಲ್ಲಿ ಓದಲು ಕಲಿತವರಿಗೆ ಈ ಹುಡುಕಾಟ ಮೊದಮೊದಲು ವಿಚಿತ್ರವೆನಿಸುವುದು ಸಹಜ. ಪತ್ರಿಕೆಯ ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ‘ಸ್ತ್ರೀ’ ಎಂಬುದು ಸಕಾರ, ತಕಾರ, ರೇಫ, ಈಕಾರ ಎಲ್ಲವನ್ನೂ ಹೊತ್ತು ಒಂದೇ ಮನೆಯಲ್ಲಿ ಕೂರುತ್ತದೆ. ಬಾಯಲ್ಲಿ ಹೇಗೋ ಮನೆಯಲ್ಲಿ ಹಾಗೆ. ಇಂಗ್ಲಿಷಿನ ‘ಸ್ಟ್ರೆಂತ್ಸ್’ ಒಂದೇ ಉಸಿರಿಗೆ ಮುಗಿದರೂ ಒಂಬತ್ತು ಮನೆ ಕೇಳುತ್ತದೆ, ಅಷ್ಟರಲ್ಲಿ ಸ್ವರ ಒಂದೇ. ಕಿವಿಯಿಂದ ಹುಡುಕುವವರಿಗೆ ಅದು ಸಿಗುವುದಿಲ್ಲ, ಕಣ್ಣಿನಿಂದ ಹುಡುಕಬೇಕು. ಹಾಗೆಂದು ಇಂಥ ಜಾಗದಲ್ಲಿ ಇಂಥ ಅಕ್ಷರವೇ ಬರಬೇಕೆಂದು ಪದ ಅರಸುವುದು ಕನ್ನಡಕ್ಕೆ ಹೊಸದಲ್ಲ. ಷಟ್ಪದಿ ಬರೆಯುವ ಕವಿ ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗುವಂತೆ ನೋಡಿಕೊಳ್ಳಬೇಕಿತ್ತು. ಕಥೆ ಮುಂದೆ ಸಾಗಬೇಕು, ಮಾತ್ರೆ ಕೂಡಬೇಕು, ಜೊತೆಗೆ ಎರಡನೆಯ ಮನೆಯಲ್ಲಿ ರಕಾರವೆಂದರೆ ರಕಾರವೇ ಬರಬೇಕು. ಸಾವಿರಾರು ಪದ್ಯಗಳುದ್ದಕ್ಕೂ ಈ ಹುಡುಕಾಟ ನಡೆಸಿಯೂ ಓದುಗನಿಗೆ ಅದರ ಸುಳಿವು ಸಿಗದಂತೆ ಬರೆದ ಕುಮಾರವ್ಯಾಸನ ಪದಸಂಪತ್ತು ಎಷ್ಟು ದೊಡ್ಡದೆಂದು ಪದದಾಟ ಆಡಿದವರಿಗೆ ಇನ್ನಷ್ಟು ಚೆನ್ನಾಗಿ ಮನದಟ್ಟಾಗುತ್ತದೆ. ಮಂಜೇಶ್ವರ ಗೋವಿಂದ ಪೈ 1911ರಲ್ಲಿ ಈ ಪ್ರಾಸವನ್ನು ಕೈಬಿಟ್ಟಾಗ ಅಷ್ಟು ಚರ್ಚೆಯಾದದ್ದಕ್ಕೆ ಕಾರಣವೂ ಅದರಿಂದ ತಿಳಿಯುತ್ತದೆ.

ಮತ್ತೆ ಕ್ಯೂ ಕಡೆಗೆ. ಯು ಇಲ್ಲದ ಕ್ಯೂ ಪದಗಳಿವೆ, ಸಾಕಷ್ಟಿವೆ. ಅವನ್ನು ಒಂದು ಕಡೆ ಬರೆದಿಟ್ಟರೆ ಕನ್ನಡಿಗರಿಗೆ ಅರ್ಧಕ್ಕರ್ಧ ಪರಿಚಿತ ಮುಖಗಳು: ಫಕೀರ, ಖಾಜಿ, ತಲಾಖ್, ನಿಖಾಬ್, ಕವ್ವಾಲಿ. ಬುರ್ಖಾ ಕೂಡ ಈ ಬಳಗದ್ದೇ, ಅದರಲ್ಲಿ ಯು ಇದ್ದರೂ ಕ್ಯೂ ಬೆನ್ನಿಗೆ ಇಲ್ಲ. ಇವೆಲ್ಲ ಇಂಗ್ಲಿಷ್ ಪದಪಟ್ಟಿಯಲ್ಲಿ ಕ್ಯೂ ಹೊತ್ತೇ ಸೇರಿವೆ. ಕಾರಣ ಅರಬ್ಬಿ ಲಿಪಿಯಲ್ಲಿದೆ. ಅಲ್ಲಿ ಸಾಮಾನ್ಯ ಕಕಾರಕ್ಕೊಂದು ಅಕ್ಷರ, ಗಂಟಲಿನ ಆಳದಿಂದ ಬರುವ ಕಕಾರಕ್ಕೆ ‘ಕಾಫ್’ ಎಂಬ ಬೇರೆ ಅಕ್ಷರ. ಎರಡರ ಭೇದ ಉಳಿಸಲು ಪಂಡಿತರು ಎರಡನೆಯದಕ್ಕೆ ಕ್ಯೂ ಬಳಸಿದರು. ಅವರು ಯಾವ ಆಟವನ್ನೂ ನೆನೆದು ಹಾಗೆ ಮಾಡಲಿಲ್ಲ, ಆದರೆ ಆ ಶ್ರದ್ಧೆಯ ಫಲ ಇಂದು ಬೋರ್ಡಿನ ಮುಂದೆ ಕೂತವರಿಗೆ ದಕ್ಕುತ್ತಿದೆ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ತೊಗಲಿನ ದೋಣಿ ‘ಉಮಿಯಾಕ್’ ಕ್ಯೂನಲ್ಲಿ ಕೊನೆಯಾಗುವುದೂ ಅಂಥದೇ ಆಳದ ಕಕಾರದಿಂದ.

ಎಲ್ಲಕ್ಕಿಂತ ಪುಟ್ಟದು ಮತ್ತು ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಚೀನಾದಿಂದ ಬಂತು. ಕ್ಯೂ ಮತ್ತು ಐ, ಎರಡೇ ಅಕ್ಷರ, ಉಚ್ಚಾರ ‘ಚೀ’, ಅರ್ಥ ದೇಹದಲ್ಲಿ ಹರಿಯುವ ಪ್ರಾಣಶಕ್ತಿ. ಚೀನೀ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್ಯಿನ್ ಪದ್ಧತಿ ಆ ಧ್ವನಿಗೆ ಕ್ಯೂ ಕೊಟ್ಟಿತು. ಅದಕ್ಕೆ ಮುಂಚೆ ಇಂಗ್ಲಿಷರು ಅದನ್ನು ಸಿ ಮತ್ತು ಎಚ್ ಸೇರಿಸಿ ಬರೆಯುತ್ತಿದ್ದರು. ಅಮೆರಿಕದ ಆಟಗಾರರ ಪಟ್ಟಿಗೆ ಈ ಪದ ಬಂದದ್ದು 2006ರಲ್ಲಿ. ಅಕ್ಷರದ ಬೆಲೆ ಮೂರು ಪಟ್ಟಾಗುವ ಮನೆಯಲ್ಲಿ ಕ್ಯೂ ಇಟ್ಟು, ಅಡ್ಡಕ್ಕೂ ಉದ್ದಕ್ಕೂ ಐ ಸೇರುವಂತೆ ಮಾಡಿದರೆ ಒಂದೇ ಸರದಿಗೆ 62 ಅಂಕ.

ಆದರೆ ಕ್ಯೂ ಪದಗಳಲ್ಲಿ ಕರ್ನಾಟಕದವರು ನಿಂತು ನೋಡಬೇಕಾದದ್ದು ‘ಕನಾತ್’. ಕ್ಯೂ, ಎ, ಎನ್, ಎ, ಟಿ. ಪರ್ಶಿಯಾದ ಒಣನೆಲದಲ್ಲಿ ಅಂತರ್ಜಲವನ್ನು ಇಳಿಜಾರಿನ ಸುರಂಗದಲ್ಲಿ ದೂರದ ಊರಿಗೆ ತರುವ ವ್ಯವಸ್ಥೆಯ ಹೆಸರು ಅದು. ಅಂಥದ್ದೊಂದು ಬೀದರಿನ ನೌಬಾದಿನಲ್ಲಿದೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಶಿಯಾದ ವಿದ್ಯೆ ಬಲ್ಲವರು ಕೆಂಪು ಮುರಕಲ್ಲನ್ನು ಕೊರೆದು ಮಾಡಿದ ಆ ನೀರಿನ ದಾರಿಯನ್ನು ಊರವರು ಸುರಂಗ ಬಾವಿ ಎನ್ನುತ್ತಾರೆ, ಇತಿಹಾಸ ಬರೆಯುವವರು ಕರೇಜ್ ಎನ್ನುತ್ತಾರೆ. ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳು, ಅವುಗಳಿಂದ ಗಾಳಿ ಬೆಳಕು ಕೆಳಗಿಳಿಯುತ್ತವೆ. ಹತ್ತಂಕದ ಬಿಲ್ಲೆ ಕಳೆದುಕೊಳ್ಳಲು ಐದು ಅಕ್ಷರ ಜೋಡಿಸಿದ ಹುಡುಗಿಯೊಬ್ಬಳು ಈ ಪದದ ಬೆನ್ನು ಹತ್ತಿದರೆ ತನ್ನದೇ ರಾಜ್ಯದ ನೆಲದಡಿಗೆ ಇಳಿದಿರುತ್ತಾಳೆ. ಪದಪಟ್ಟಿ ಬಾಯಿಪಾಠ ಮಾಡುವವರು ಅರ್ಥದ ಕಾಲಂ ಬಿಟ್ಟು ಓದುವುದನ್ನು ಕಂಡಾಗ ನೋವಾಗುವುದು ಇದಕ್ಕೇ.

ಸ್ವರ ಸಿಗದ ಕಷ್ಟ ಇನ್ನೊಂದು ಬಗೆಯದು. ಏಳೂ ಬಿಲ್ಲೆ ವ್ಯಂಜನಗಳೇ ಆದಾಗ ವೈ ಇದ್ದರೆ ರಿದಮ್, ನಿಂಫ್, ಲಿಂಕ್ಸ್ ಉಂಟು. ವೈ ಕೂಡ ಇಲ್ಲವಾದರೆ ವೇಲ್ಸ್ ದೇಶ ಕೈಹಿಡಿಯುತ್ತದೆ. ವೆಲ್ಷ್ ಭಾಷೆಯಲ್ಲಿ ಡಬ್ಲ್ಯು ಸ್ವರವೂ ಹೌದು. ಸಿ, ಡಬ್ಲ್ಯು, ಎಂ ಸೇರಿದರೆ ‘ಕೂಮ್’, ಅಂದರೆ ಬೆಟ್ಟದ ಮಡಿಲಿನ ಕಣಿವೆ. ಎವರೆಸ್ಟ್ ಹತ್ತುವವರು ಹಾದುಹೋಗುವ ಹಿಮಕಣಿವೆಗೆ ಜಾರ್ಜ್ ಮ್ಯಾಲರಿ 1921ರಲ್ಲಿ ವೆಸ್ಟರ್ನ್ ಕೂಮ್ ಎಂದು ಹೆಸರಿಟ್ಟರು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಅದನ್ನು ದಾಟಿಯೇ ಶಿಖರಕ್ಕೆ ಹೋದರು.

ಭಾರತದಿಂದ ಹೋದ ಪದಗಳೂ ಕಡಿಮೆಯಿಲ್ಲ. ಅಂಗೀಕೃತ ಪಟ್ಟಿಗಳಲ್ಲಿ ಇಡ್ಲಿ ಇದೆ, ದೋಸಾ ಇದೆ, ಅದರ ಬಹುವಚನವಾಗಿ ‘ದೋಸೈ’ ಕೂಡ ಇದೆ. ಲಕ್ಷ, ಕೋಟಿಗಳು ಲಾಖ್, ಕ್ರೋರ್ ಆಗಿ ಇವೆ. ಇವು ನಗೆ ತರಿಸುವಷ್ಟು ಆಪ್ತ. ಇನ್ನೂ ಸೊಗಸಾದದ್ದು ಕಾಡು. ಬಂಡೀಪುರದ ಸಫಾರಿ ಬಸ್ಸಿನಲ್ಲಿ ಗೈಡ್ ಬೆರಳು ತೋರಿಸಿ ಹೇಳುವ ಹೆಸರುಗಳನ್ನು ನೆನಪಿಸಿಕೊಳ್ಳಿ: ಗೌರ್, ಚಿತಲ್, ಸಾಂಬಾರ್, ಧೋಲ್, ಲಂಗೂರ್. ಕಾಟಿ, ಜಿಂಕೆ, ಕಡವೆ, ಸೀಳುನಾಯಿ, ಮುಸಿಯಗಳ ಈ ಹೆಸರುಗಳಷ್ಟೂ ಸ್ಕ್ರ್ಯಾಬಲ್ಲಿನಲ್ಲಿ ಒಪ್ಪಿತ ಪದಗಳು. ಡಿ, ಎಚ್, ಎ, ಕೆ ಸೇರಿಸಿ ‘ಢಾಕ್’ ಎಂದಿಟ್ಟವರು ಕನ್ನಡದ ಮುತ್ತುಗದ ಮರವನ್ನೇ ಇಟ್ಟಿರುತ್ತಾರೆ. ಎಚ್ ಕೈಗೆ ಬಂದಾಗ ಟಿ, ಎಸ್, ಸಿ ಹುಡುಕುವ ಇಂಗ್ಲಿಷ್ ಮಾತೃಭಾಷೆಯವರಿಗಿಂತ ಮಹಾಪ್ರಾಣ ಬಲ್ಲ ಭಾರತೀಯರಿಗೆ ಇಲ್ಲಿ ದಾರಿ ಹೆಚ್ಚು: ಡಿ ಜೊತೆ ಎಚ್, ಬಿ ಜೊತೆ ಎಚ್, ಜಿ ಜೊತೆ ಎಚ್ ಅವರ ಕಣ್ಣಿಗೆ ತಾನಾಗಿ ಕೂಡಿಕೊಳ್ಳುತ್ತವೆ. ಧೋತಿ, ಭಾಂಗ್, ಘಾಟ್ ಹಾಗೆ ಸಿಗುವಂಥವು.

ಪಳಗಿದವರ ಹುಡುಕಾಟಕ್ಕೆ ಅದರದೇ ಕ್ರಮವಿದೆ. ಮೊದಲು ಬಾಲಗಳನ್ನು ಬದಿಗಿಡುತ್ತಾರೆ: ಐ, ಎನ್, ಜಿ ಇದ್ದರೆ ಅವು ಬಲಕ್ಕೆ, ಇ ಮತ್ತು ಡಿ ಇದ್ದರೆ ಅವು ಬಲಕ್ಕೆ. ಆರ್ ಮತ್ತು ಇ ಎಡಕ್ಕೆ ಹೋಗಿ ‘ರಿ’ ಆಗಬಹುದೇ ಎಂದು ನೋಡುತ್ತಾರೆ. ಬಿಲ್ಲೆಗಳನ್ನು ಅಕಾರಾದಿಯಾಗಿ ಜೋಡಿಸುವುದು ಮತ್ತೊಂದು ವಿಧಾನ. ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಸಾಲು ಕಂಡ ಕೂಡಲೇ ಅಭ್ಯಾಸವಿದ್ದವರ ನೆನಪಿಗೆ ರಿಟೇನ್ಸ್, ನ್ಯಾಸ್ಟಿಯರ್, ರೆಟಿನಾಸ್, ಸ್ಟೇನರ್ ಒಟ್ಟೊಟ್ಟಿಗೆ ಬರುತ್ತವೆ. ಏಳೂ ಬಿಲ್ಲೆ ಒಮ್ಮೆಗೇ ಇಟ್ಟರೆ 50 ಅಂಕದ ಬಹುಮಾನ ಇರುವುದರಿಂದ ಈ ಅಭ್ಯಾಸಕ್ಕೆ ಅಷ್ಟು ಬೆಲೆ. ಅದೇ ಸಾಲಿನಿಂದ ಆರ್ ತೆಗೆದು ಉಳಿದ ಆರನ್ನು ಕೈಯಲ್ಲಿಟ್ಟುಕೊಂಡವರಿಗೆ ಮುಂದೆ ಯಾವ ಬಿಲ್ಲೆ ಬಂದರೂ ಬಹುಮಟ್ಟಿಗೆ ಪದ ಸಿದ್ಧ. ಡಿ ಬಂದರೆ ಇನ್‌ಸ್ಟೆಡ್, ಜಿ ಬಂದರೆ ಟೀಸಿಂಗ್, ಎಲ್ ಬಂದರೆ ಸೇಲಿಯೆಂಟ್, ಯು ಬಂದರೆ ಆಂಟೀಸ್, ವಿ ಬಂದರೆ ನೇಟಿವ್ಸ್, ಝೆಡ್ ಬಂದರೂ ಝೇನಿಯೆಸ್ಟ್.

ಐದಕ್ಷರದ ಪದ ಊಹಿಸುವ ವರ್ಡ್ಲ್ ಬಂದ ಮೇಲೆ ಈ ವಿದ್ಯೆ ಬೋರ್ಡು ಬಿಟ್ಟು ಮೊಬೈಲಿಗೆ ಬಂತು. ಜೋಶ್ ವಾರ್ಡಲ್ ತಮ್ಮ ಸಂಗಾತಿ ಪಾಲಕ್ ಶಾ ಅವರಿಗಾಗಿ ಮಾಡಿದ ಆಟ ಅದು. ಇಂಗ್ಲಿಷಿನ ಸುಮಾರು 12,000 ಐದಕ್ಷರದ ಪದಗಳನ್ನು ಸೋಸಿ, ಜನರಿಗೆ ಗೊತ್ತಿರಬಹುದಾದ ಸುಮಾರು 2,500ನ್ನು ಉಳಿಸಿದವರು ಪಾಲಕ್. ಆಟದ ಅರ್ಧ ಕೀರ್ತಿ ಆ ತಾಳ್ಮೆಯ ಸೋಸುವಿಕೆಗೆ ಸಲ್ಲಬೇಕು. 2021ರ ನವೆಂಬರ್ 1ರಂದು ಆಡಿದವರು 90 ಮಂದಿ. ಎರಡು ತಿಂಗಳಲ್ಲಿ ಅದು ಮೂರು ಲಕ್ಷ ಮೀರಿತು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ತೊಂಬತ್ತು ವರ್ಷಗಳ ಹಿಂದೆ ಬಟ್ಸ್ ಅಕ್ಷರ ಎಣಿಸಿದ್ದು ಅದೇ ಪತ್ರಿಕೆಯಲ್ಲಿ.

ವರ್ಡ್ಲ್ ಆಡುವವರೆಲ್ಲ ಒಮ್ಮೆಯಾದರೂ ಬಿದ್ದಿರುವ ಬಾವಿಯೊಂದಿದೆ. ಎ, ಟಿ, ಸಿ, ಎಚ್ ನಾಲ್ಕೂ ಸರಿಯಾದ ಜಾಗದಲ್ಲಿ ಕೂತು ಹಸಿರಾಗಿವೆ, ಮೊದಲ ಮನೆ ಮಾತ್ರ ಖಾಲಿ. ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್ ಏಳೂ ಕೂರುತ್ತವೆ, ಉಳಿದಿರುವುದು ಮೂರೇ ಅವಕಾಶ. ಒಂದೊಂದಾಗಿ ಪ್ರಯತ್ನಿಸಿದವರು ಸೋಲುವ ಸಂಭವವೇ ಹೆಚ್ಚು. ಜಾಣರು ಇಲ್ಲಿ ಗೆಲ್ಲಲಾರದ ಪದವೊಂದನ್ನು ಬೇಕೆಂದೇ ಹಾಕುತ್ತಾರೆ. ‘ಕ್ಲಾಂಪ್’ ಎಂದರೆ ಸಿ, ಎಲ್, ಎಂ, ಪಿ ನಾಲ್ಕೂ ಒಮ್ಮೆಗೇ ಪರೀಕ್ಷೆಗೆ ಒಳಗಾಗುತ್ತವೆ. ಪಿ ಬಣ್ಣ ತಳೆದರೆ ಪ್ಯಾಚ್, ಎಂ ತಳೆದರೆ ಮ್ಯಾಚ್. ಸಿ ಮೊದಲ ಮನೆಯಲ್ಲಿ ಹಸಿರಾದರೆ ಕ್ಯಾಚ್. ಎಲ್ಲವೂ ತಪ್ಪಿದರೆ ಉಳಿದದ್ದು ಬಿ, ಎಚ್, ಡಬ್ಲ್ಯು ಮೂರೇ. ಒಂದು ಸರದಿಯನ್ನು ಉತ್ತರಕ್ಕಲ್ಲದೆ ತಿಳಿವಿಗೆ ಖರ್ಚು ಮಾಡುವ ಈ ನಡೆ ಆಟದಲ್ಲೇ ಅತ್ಯಂತ ಸುಂದರವಾದದ್ದು. ಇದನ್ನೇ ಕಂಪ್ಯೂಟರಿನಿಂದ ಕೊನೆಯವರೆಗೂ ಲೆಕ್ಕ ಹಾಕಿಸಿದ ಎಂಐಟಿಯ ಡಿಮಿಟ್ರಿಸ್ ಬರ್ಟ್‌ಸಿಮಸ್ ಮತ್ತು ಅಲೆಕ್ಸ್ ಪಾಸ್ಕೊವ್, ಮೊದಲ ಊಹೆಗೆ ಅತ್ಯುತ್ತಮ ಪದ ‘ಸ್ಯಾಲೆಟ್’ ಎಂದು ತೋರಿಸಿದರು. ಸರಾಸರಿ 3.421 ಊಹೆಗಳಲ್ಲಿ ಉತ್ತರ ಸಿಗುತ್ತದಂತೆ. ಸ್ಯಾಲೆಟ್ ಎಂದರೆ ಮಧ್ಯಯುಗದ ಯೋಧರ ಶಿರಸ್ತ್ರಾಣ.

ಯಂತ್ರ ಹುಡುಕುವ ಬಗೆ ಬೇರೆ. ಆ್ಯಂಡ್ರ್ಯೂ ಆ್ಯಪೆಲ್ ಮತ್ತು ಗೈ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಲೇಖನವೊಂದು ಇಡೀ ಪದಪಟ್ಟಿಯನ್ನು ಕವಲೊಡೆಯುವ ದಾರಿಗಳ ಜಾಲವಾಗಿ ಮಡಿಸುವ ವಿಧಾನವನ್ನು ಸ್ಕ್ರ್ಯಾಬಲ್ಲಿಗೆ ಹೊಂದಿಸಿತು. ಒಂದೇ ರೀತಿ ಮೊದಲಾಗುವ ಪದಗಳು ಆರಂಭದ ದಾರಿಯನ್ನು ಹಂಚಿಕೊಳ್ಳುತ್ತವೆ, ಒಂದೇ ರೀತಿ ಮುಗಿಯುವವು ಕೊನೆಯ ದಾರಿಯನ್ನು. ಇಂದು ಮೊಬೈಲಿನಲ್ಲಿ ಏಳು ಅಕ್ಷರ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಉದುರುತ್ತದೆ. ಆಟದ ನಡುವೆ ಅದನ್ನು ನೋಡುವುದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆಟ ಮುಗಿದ ಮೇಲೆ ಅದೇ ಪಟ್ಟಿ ಗುರುವಾಗಬಲ್ಲದು: ಕೈಯಲ್ಲಿದ್ದ ಬಿಲ್ಲೆಗಳಲ್ಲಿ ಅಡಗಿದ್ದು ಕಣ್ಣಿಗೆ ಬೀಳದೆ ಹೋದ ಪದ ಯಾವುದೆಂದು ಅದು ತೋರಿಸುತ್ತದೆ, ಆ ಪದ ಮತ್ತೆ ಮರೆಯುವುದಿಲ್ಲ.

ಅರ್ಥದ ಗೊಡವೆಯಿಲ್ಲದೆ ಮನುಷ್ಯನ ನೆನಪು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಸಾಕ್ಷಿ. ಇಂಗ್ಲಿಷ್ ಸ್ಕ್ರ್ಯಾಬಲ್ಲಿನ ವಿಶ್ವಪಟ್ಟವನ್ನು ಐದು ಸಲ ಗೆದ್ದವರು ಅವರು, ಮೊದಲ ಗೆಲುವು 2007ರಲ್ಲಿ ಮುಂಬೈಯಲ್ಲಿ. ಈ ಮಟ್ಟದ ಆಟಗಾರರು ಬಳಸುವ ಕಾಲಿನ್ಸ್ ಪಟ್ಟಿಯ 2019ರ ಆವೃತ್ತಿಯಲ್ಲಿ 2,79,496 ಪದಗಳಿದ್ದವು. 2015ರಲ್ಲಿ ರಿಚರ್ಡ್ಸ್ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವಪಟ್ಟವನ್ನೂ ಗೆದ್ದರು. ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಒಂಬತ್ತು ವಾರ ಆ ಭಾಷೆಯ ಪದಪಟ್ಟಿ ಓದಿ ಹೋಗಿದ್ದರೆಂದು ಅವರನ್ನು ಬಲ್ಲವರು ಹೇಳಿದರು. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಪಟ್ಟವೂ ಅವರದಾಯಿತು. ಆ ಭಾಷೆಯೂ ಅವರಿಗೆ ಬಾರದು. ಇಂಥ ಸಾಧನೆಗೆ ತಲೆಬಾಗಲೇಬೇಕು. ಆದರೂ ಅಕ್ಷರಗಳ ಬೆನ್ನು ಹತ್ತಿ ಪದದವರೆಗೆ ಹೋದವರು ಇನ್ನೊಂದು ಹೆಜ್ಜೆ ಇಡದೆ ಹಿಂದಿರುಗಿದರೆ ಬಹಳ ದೊಡ್ಡದೊಂದು ಕೈತಪ್ಪುತ್ತದೆ.

ರಿಚರ್ಡ್ಸ್ ಅವರದೇ ಆಟ ಇದಕ್ಕೆ ಉದಾಹರಣೆ. ಒಮ್ಮೆ ಅವರ ಕೈಯಲ್ಲಿ ಸಿ, ಡಿ, ಎಚ್, ಎಲ್, ಎನ್, ಆರ್ ಮತ್ತು ಯಾವ ಅಕ್ಷರವಾಗಿಯೂ ಬಳಸಬಹುದಾದ ಒಂದು ಖಾಲಿ ಬಿಲ್ಲೆ ಇದ್ದವು. ಬೋರ್ಡಿನ ಮೇಲಿನ ಒಂದು ಇ ಸೇರಿಸಿಕೊಂಡು ‘ಚಿಲ್ಡ್ರನ್’ ಎಂದಿಡಬಹುದಿತ್ತು, ಯಾರಾದರೂ ಅದನ್ನೇ ಇಡುತ್ತಿದ್ದರು. ಅವರು ಬಿಡಿಬಿಡಿಯಾಗಿ ಬಿದ್ದಿದ್ದ ಎರಡು ಓ ಮತ್ತು ಒಂದು ಇಯ ನಡುವೆ ಏಳೂ ಬಿಲ್ಲೆ ಕೂರಿಸಿ ‘ಕ್ಲೋರೊಡೈನ್’ ಎಂಬ ಹತ್ತಕ್ಷರದ ಪದ ಕಟ್ಟಿದರು. ಆಟಗಾರರು ಇಂದಿಗೂ ಅದನ್ನು ಬೆರಗಿನಿಂದ ಹೇಳಿಕೊಳ್ಳುತ್ತಾರೆ. ಕ್ಲೋರೊಡೈನ್ 19ನೇ ಶತಮಾನದ ಔಷಧ. ಭಾರತದಲ್ಲಿ ಬ್ರಿಟಿಷ್ ಸೇನೆಯ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಅದನ್ನು ಕಾಲರಾ ತಗುಲಿದವರಿಗಾಗಿ ಮಾಡಿದ. ಅದರಲ್ಲಿದ್ದದ್ದು ಅಫೀಮಿನ ದ್ರಾವಣ, ಗಾಂಜಾ, ಕ್ಲೋರೊಫಾರ್ಮ್. ನೋವು ತಗ್ಗುತ್ತಿತ್ತು, ಕೆಲವರು ಅದಕ್ಕೇ ದಾಸರಾಗುತ್ತಿದ್ದರು.

ಮನೆಯಲ್ಲಿ ಮಕ್ಕಳೊಂದಿಗೆ ಆಡುವವರು ಪೆಟ್ಟಿಗೆಯೊಳಗಿನ ನಿಯಮಗಳ ಜೊತೆಗೆ ತಮ್ಮದೊಂದನ್ನು ಸೇರಿಸಿಕೊಳ್ಳಬಹುದು: ಇಟ್ಟ ಪದದ ಅರ್ಥ ಹೇಳಿದವರಿಗೆ ಐದಂಕ ಹೆಚ್ಚು, ಗೊತ್ತಿಲ್ಲದೆ ನಿಘಂಟು ತೆರೆದು ಓದಿ ಹೇಳಿದವರಿಗೂ ಎರಡಂಕ. ಆಟ ನಿಧಾನವಾಗುತ್ತದೆ, ನಡುನಡುವೆ ಮಾತು ಎವರೆಸ್ಟಿಗೋ ಬಂಡೀಪುರಕ್ಕೋ ಹೊರಳಿ ಸರದಿ ಯಾರದೆಂಬುದೇ ಮರೆಯುತ್ತದೆ. ಟೂರ್ನಮೆಂಟಿನಲ್ಲಿ ಒಬ್ಬೊಬ್ಬರಿಗೆ 25 ನಿಮಿಷವೆಂದು ಗಡಿಯಾರ ಇಡುತ್ತಾರೆ. ಮನೆಯಲ್ಲಿ ಅದನ್ನು ಇಡುವ ಅಗತ್ಯವಿಲ್ಲ.